ನಮ್ಮಜ್ಜ ಈರಾಚಾರ್ ಮತ್ತು ಅರ್ಧಚಂದ್ರದ ಗುರುತು

ನನ್ನ ಕೈಬರಹ ಚೆನ್ನಾಗಿಲ್ಲ. ಎಷ್ಟು ನಿಧಾನವಾಗಿ ಬರೆದರೂ ಸಾಲು ಮೇಲಕ್ಕೆ ಏರುತ್ತಾ ಹೋಗುತ್ತದೆ. ಮಾತುಗಳೂ ಅಷ್ಟೇ, ಬೇಕಾದಾಗ ಸಿಗುವುದಿಲ್ಲ. ಪಿಯುಸಿ ಮೊದಲ ವರ್ಷದಲ್ಲೇ ಓದು ಬಿಟ್ಟವಳು ನಾನು. ನಮ್ಮೂರ ಗ್ರಂಥಾಲಯದ ಗಿರಿಜಾಂಬಿಕಾ ಮೇಡಂ ಈ ಸುತ್ತಿನ ಕಸುಬುದಾರರ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. "ನಿಮ್ಮಜ್ಜನ ಬಗ್ಗೆ ನೀನೇ ಬರಿಯಮ್ಮ. ಬೇರೆಯವರು ಬರೆದರೆ ಬರೀ ಹೊಗಳ್ತಾರೆ" ಎಂದರು. ನನಗೆ ಗೊತ್ತಿಲ್ಲದ್ದನ್ನು ಅಜ್ಜಿಯನ್ನು ಕೇಳಿ ಬರೆದಿದ್ದೇನೆ. ತಪ್ಪಿದ್ದರೆ ಓದುವವರು ಕ್ಷಮಿಸಬೇಕು.

ನಮ್ಮಜ್ಜನ ಹೆಸರು ಈರಾಚಾರ್. ದಂಡಿನಶಿವರದಲ್ಲಿ ಕುಲುಮೆ ಇಟ್ಟುಕೊಂಡು ಕೊಬ್ಬರಿ ಕತ್ತಿ ಮಾಡುತ್ತಿದ್ದರು. ಗುದ್ದಲಿ, ಕುಡುಗೋಲು, ಮಚ್ಚು ಎಲ್ಲವನ್ನೂ ಮಾಡುತ್ತಿದ್ದರು. ಆದರೆ ದೂರದಿಂದ ಜನ ಬರುತ್ತಿದ್ದುದು ಕೊಬ್ಬರಿ ಕತ್ತಿಗೆ. ಅದರ ಬುಡದಲ್ಲಿ, ಹಿಡಿ ಸೇರುವ ಜಾಗದಲ್ಲಿ, ಉಗುರಿನಷ್ಟು ಚಿಕ್ಕದಾದ ಒಂದು ಅರ್ಧಚಂದ್ರ ಇರುತ್ತಿತ್ತು. ಅದು ನಮ್ಮ ಕುಲುಮೆಯ ಗುರುತು. ತಿಪಟೂರಿನ ಮಂಡಿಗಳಲ್ಲಿ ಕೂತು ಕೊಬ್ಬರಿ ಬಿಡಿಸುವ ಹೆಂಗಸರು ಹೊಸ ಕತ್ತಿ ಕೈಗೆ ಬಂದರೆ ಅಲಗು ನೋಡುತ್ತಿರಲಿಲ್ಲವಂತೆ. ಬುಡ ತಿರುಗಿಸಿ ಚಂದ್ರ ಇದೆಯೇ ಎಂದು ಮಾತ್ರ ನೋಡುತ್ತಿದ್ದರಂತೆ. ಆ ಗುರುತು ಉಳಿಯುತ್ತದೋ ಹೋಗುತ್ತದೋ ಎಂಬುದೇ ಅಜ್ಜನ ಕೊನೆಗಾಲದಲ್ಲಿ ನಮ್ಮ ಮನೆಯ ಚಿಂತೆಯಾಯಿತು. ಅದಕ್ಕೇ ಅದನ್ನು ಮೊದಲು ಹೇಳಿದೆ.

ಅಜ್ಜ ಹುಟ್ಟಿದ್ದು ಹಂದನಕೆರೆಯಲ್ಲಿ. ಅವರ ಅಪ್ಪ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರು. ಗಾಡಿಗಳು ಕಡಿಮೆಯಾಗುತ್ತಾ ಬಂದಾಗ ಮಗನನ್ನು ಕರೆತಂದು ದಂಡಿನಶಿವರದ ಬಸವಾಚಾರ್ ಅವರ ಕುಲುಮೆಯಲ್ಲಿ ಬಿಟ್ಟರು. ಅರ್ಧಚಂದ್ರ ಮೊದಲು ಬಸವಾಚಾರ್ ಅವರದು. ಅಜ್ಜನಿಗೆ ಆಗ ಮೀಸೆ ಚಿಗುರುವ ವಯಸ್ಸು. ಬಹಳ ದಿನ ಕಬ್ಬಿಣ ಮುಟ್ಟಲು ಬಿಡಲಿಲ್ಲ. ತೆಂಗಿನ ಕರಟ ಸುಟ್ಟು ಇದ್ದಿಲು ಮಾಡುವುದು, ಬೆಂಕಿಗೆ ಗಾಳಿ ಊದುವ ತಿದಿ ಒತ್ತುವುದು, ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಅಲುಗಾಡದಂತೆ ಹಿಡಿಯುವುದು, ಇಷ್ಟೇ ಕೆಲಸ. ಆಮೇಲೆ ಸುತ್ತಿಗೆ ಕೊಟ್ಟರು.

ಕೊಬ್ಬರಿ ಕತ್ತಿ ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರು ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ನಾವು ತೆಂಗಿನಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗೇ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ ಗಡಗಡ ಎನ್ನುತ್ತದೆ. ಆಗ ಇಳಿಸಿ, ಸಿಪ್ಪೆ ಸುಲಿದು, ಅಂಗೈಯಲ್ಲಿ ಕಾಯಿ ಇಟ್ಟುಕೊಂಡು ಕತ್ತಿಯಿಂದ ಕರಟವನ್ನು ಮಾತ್ರ ಒಡೆದು ಬಿಡಿಸಬೇಕು. ಉಂಡೆಗೆ ಗಾಯವಾದರೆ ಅದು ಚೂರಿನ ರಾಶಿಗೆ ಹೋಗುತ್ತದೆ. ಕತ್ತಿ ತೂಕ ಹೆಚ್ಚಾದರೆ ಉಂಡೆ ಸೀಳುತ್ತದೆ, ಕಡಿಮೆಯಾದರೆ ಕರಟ ಬಿಡುವುದಿಲ್ಲ. ಅಲಗು ಮೆತ್ತಗಿದ್ದರೆ ಮಡಚುತ್ತದೆ, ಬಿರುಸಾದರೆ ಅದರ ಬಾಯಿ ಮುಕ್ಕಾಗಿ ಚೂರು ಕೊಬ್ಬರಿಯಲ್ಲಿ ಉಳಿಯುತ್ತದೆ.

ಬಸವಾಚಾರ್ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕತ್ತಿ ಮುಗಿದ ಮೇಲೂ ಅದಕ್ಕೆ ಗುರುತು ಬೀಳುತ್ತಿರಲಿಲ್ಲ. ಅದು ಮೊದಲು ಹಿತ್ತಲಿಗೆ ಹೋಗಬೇಕು. ಅಲ್ಲಿ ಮನೆಯ ಹೆಂಗಸು ಆ ಕತ್ತಿಯಿಂದ ಒಂದು ಕಾಯಿ ಬಿಡಿಸಿ ನೋಡಬೇಕು. ಉಂಡೆ ಗಾಯವಿಲ್ಲದೆ ಬಂದು, ಅಲಗೂ ನೆಟ್ಟಗಿದ್ದರೆ ಅವಳೇ ಬುಡದ ಮೇಲೆ ಅರ್ಧಚಂದ್ರದ ಅಚ್ಚು ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆಯಬೇಕು. ಕತ್ತಿ ಮಾಡಿದವನು ಗುರುತು ಹೊಡೆಯುವಂತಿಲ್ಲ. ಬುಡದ ಕಬ್ಬಿಣ ಮೆತ್ತಗಿರುವುದರಿಂದ ಅಚ್ಚು ಅಲ್ಲಿ ಕೂರುತ್ತದೆ. ಏಟು ಬಿದ್ದರೆ ಮುಂದೆ ಕುಲುಮೆಯಲ್ಲಿ ಕೂತವರಿಗೆ ಟಣ್ ಎಂದು ಕೇಳಿಸುತ್ತದೆ. ಕೇಳಿಸದಿದ್ದರೆ ಕತ್ತಿ ವಾಪಸ್ಸು ಬಂತು ಎಂದೇ ಅರ್ಥ.

ಆಗ ಹಿತ್ತಲಲ್ಲಿ ಕೂರುತ್ತಿದ್ದವಳು ಬಸವಾಚಾರ್ ಅವರ ಒಬ್ಬಳೇ ಮಗಳು ಕಾಳಮ್ಮ. ಅಜ್ಜನ ಮೊದಲ ಕತ್ತಿಯನ್ನು ಅವಳು ಎರಡು ಬೆರಳಲ್ಲಿ ಹಿಡಿದು ತಂದು ಅವರ ಮುಂದೆ ಇಟ್ಟಳಂತೆ.

"ಅಯ್ಯೋ ಮಾರಾಯ, ಇದ್ರಲ್ಲಿ ದೋಸೆ ಮಗುಚಬೋದು. ಕೊಬ್ಬರಿಗೆ ಬ್ಯಾರೆ ಮಾಡ್ಕಂಡು ಬಾ."

ಅಜ್ಜ ಇನ್ನೊಂದು ಮಾಡಿ ಕಳಿಸಿದರು. ಅದೂ ಬಂತು.

"ಇದು ದೋಸೇನೂ ಹರೀತದೆ ಕಣಪ್ಪ."

ಬಸವಾಚಾರ್ ನಗುತ್ತಾ, "ಇವ್ಳ ಕೈಲಿ ನಾನೂ ಉಗಿಸ್ಕಂಡಿದೀನಿ ಬುಡು. ಇನ್ನೊಂದು ಕಾಯ್ಸು" ಎಂದರಂತೆ. ಟಣ್ ಎಂದು ಕೇಳಿದ್ದು ಬೇಸಿಗೆ ಕಳೆದ ಮೇಲೆ. ಅದಾಗಿ ಸ್ವಲ್ಪ ಕಾಲಕ್ಕೆ ಇಬ್ಬರಿಗೂ ಮದುವೆ ಮಾಡಿದರು. ಕಾಳಮ್ಮ ನಮ್ಮಜ್ಜಿ. ಬಸವಾಚಾರ್ ಅವರಿಗೆ ಗಂಡುಮಕ್ಕಳಿರಲಿಲ್ಲ, ಆದ್ದರಿಂದ ಕುಲುಮೆಯೂ ಅರ್ಧಚಂದ್ರವೂ ಅಜ್ಜನಿಗೆ ಬಂದವು. ಅಚ್ಚು ಮಾತ್ರ ಅಜ್ಜಿಯ ಹತ್ತಿರವೇ ಇತ್ತು, ಅಡುಗೆಮನೆಯ ಗೂಡಿನಲ್ಲಿ, ಕೈಗೆ ಸಿಗುವ ಕಡೆ.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಹೆಚ್ಚು ಇಲ್ಲ. ಲಾರಿಯ ಹಳೆಯ ಕಮಾನುಪಟ್ಟಿ ತರುತ್ತಿದ್ದರು, ಕತ್ತರಿಸುತ್ತಿದ್ದರು, ಕಾಯಿಸಿ ಬಡಿಯುತ್ತಿದ್ದರು. ಅಜ್ಜಿ ಹಿತ್ತಲಲ್ಲಿ ಕಾಯಿ ಬಿಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಸಾರಿಗೂ ಪಲ್ಯಕ್ಕೂ ಕೊಬ್ಬರಿ ತುಂಬಿರುತ್ತಿತ್ತು. ಕೆರೆ ಹಿಂದಿನ ತೋಟದ ಹುಚ್ಚರಂಗಯ್ಯನವರು ಪ್ರತಿ ವರ್ಷ ಅಟ್ಟದ ಕಾಯಿ ಇಳಿಸುವ ಮೊದಲು ಬರುತ್ತಿದ್ದರು. ಕತ್ತಿ ಬೇಕಿಲ್ಲದಿದ್ದರೂ ಬಂದು ಕೂರುತ್ತಿದ್ದರು.

"ಆಚಾರ್ರೇ, ಆವತ್ತು ಕೊಟ್ಟ ಕತ್ತಿ ಸವೀತಾನೇ ಇಲ್ಲ ಕಣ್ರೀ. ಹಿಂಗಾದ್ರೆ ನಿಮ್ ಹೊಟ್ಟೆಪಾಡು ಹೆಂಗೆ?"

"ಕೆಲ್ಸ ಮಾಡಿದ್ರೆ ಸವೀತದೆ ಗೌಡ್ರೇ. ನಿಮ್ಮಂಗೆ ಗೋಡೆಗೊರಗಿ ಕೂತಿದ್ರೆ ಹೆಂಗ್ ಸವೀತದೆ?"

ಅಜ್ಜನಿಗೆ ಒಬ್ಬನೇ ಮಗ, ನಮ್ಮಪ್ಪ ದಯಾನಂದ. ಅಪ್ಪ ಕುಲುಮೆಯ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಹಾಕಿದರು. ಗೇಟು, ಕಿಟಕಿ, ದನದ ಕೊಟ್ಟಿಗೆಯ ಶೀಟಿಗೆ ಕಂಬ, ಇಂಥವು. ಅಜ್ಜ ಅದಕ್ಕೆ ಅಡ್ಡಿ ಹೇಳಲಿಲ್ಲ, ಆದರೆ ಬಂದವರಿಗೆಲ್ಲ, "ನಮ್ ಹುಡ್ಗ ಕಬ್ಬಿಣಕ್ಕೆ ಗೋಂದು ಹಾಕ್ತಾನೆ" ಎನ್ನುತ್ತಿದ್ದರು. ಅಪ್ಪ ಆ ಕಡೆಯಿಂದಲೇ, "ನೀನು ಒಂದ್ ಕತ್ತಿ ಮಾಡೋದ್ರೊಳಗೆ ನಾನು ಗೇಟ್ ಮಾಡಿ ಬಣ್ಣಾನೂ ಬಳ್ದಿರ್ತೀನಿ ಕಣಪ್ಪ" ಎನ್ನುತ್ತಿದ್ದರು. ಕತ್ತಿಗಳನ್ನು ಬೈಕಿನಲ್ಲಿ ತಿಪಟೂರಿನ ಅಂಗಡಿಗೆ ಮುಟ್ಟಿಸುವುದು ಅಪ್ಪನ ಕೆಲಸವೇ ಆಗಿತ್ತು.

ನಾನು ಓದು ಬಿಟ್ಟ ಮೇಲೆ ಕುಲುಮೆಯಲ್ಲಿ ಬ್ಲೋವರ್ ಹತ್ತಿರ ಕೂರತೊಡಗಿದೆ. ತಿದಿ ಹೋಗಿ ಬ್ಲೋವರ್ ಬಂದಿತ್ತು. ಅಜ್ಜ ಕೈ ಎತ್ತಿದರೆ ಗಾಳಿ ಹೆಚ್ಚು ಮಾಡಬೇಕು, ಇಳಿಸಿದರೆ ಕಡಿಮೆ ಮಾಡಬೇಕು. ಮಾತು ಬೇಕಿರಲಿಲ್ಲ. ಸಾಣೆ ಹಿಡಿಯುವುದನ್ನೂ ಅವರು ಮಾತಿಲ್ಲದೆಯೇ ಕಲಿಸಿದರು.

ಅಷ್ಟರಲ್ಲಿ ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಅದು ನಮಗೆ ತಡವಾಗಿ ತಿಳಿಯಿತು. ಕಾದ ಅಲಗನ್ನು ನೀರಿಗೆ ಅದ್ದಿದರೆ ಅದು ಗಾಜಿನ ಹಾಗೆ ಬಿರುಸಾಗುತ್ತದೆ. ಅದನ್ನು ಮತ್ತೆ ಕೆಂಡದ ಮೇಲೆ ಹಿಡಿದರೆ ಬಣ್ಣ ಏರುತ್ತದೆ. ಮೊದಲು ಒಣ ರಾಗಿಹುಲ್ಲಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ನವಿಲಿನ ಕತ್ತಿನ ಬಣ್ಣ. ಕೊಬ್ಬರಿ ಕತ್ತಿಗೆ ಬೆಲ್ಲದ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕು. ಪೊರೆ ಬಂದ ಕಣ್ಣಿಗೆ ಎಲ್ಲವೂ ಸ್ವಲ್ಪ ಕಂದಾಗಿ ಕಾಣುತ್ತದಂತೆ. ರಾಗಿಹುಲ್ಲು ಅವರಿಗೆ ಬೆಲ್ಲವಾಗಿ ಕಂಡಿತು. ಹದ ಬರುವ ಮೊದಲೇ ಅಲಗನ್ನು ಕೆಂಡದಿಂದ ತೆಗೆಯತೊಡಗಿದರು. ಕೈಗೆ ಹಳೆಯ ಅಭ್ಯಾಸವಿದ್ದುದರಿಂದ ಕತ್ತಿಯ ಆಕಾರದಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ.

ಗೊತ್ತಾಗಿದ್ದು ಹಿತ್ತಲಿನಲ್ಲಿ ಅಜ್ಜಿಗೆ ಮಾತ್ರ. ಕರಟಕ್ಕೆ ತಾಗಿದ ಕೂಡಲೇ ಅಲಗು ಮುಕ್ಕಾಯಿತು. ಆವತ್ತು ಏಟು ಬೀಳಲಿಲ್ಲ. ಅಜ್ಜ ಕಿವಿ ಕೊಟ್ಟು ಕೂತಿದ್ದರು. ಕತ್ತಿ ವಾಪಸ್ಸು ಬಂತು. ಮತ್ತೆ ಮಾಡಿದರು, ಮತ್ತೆ ಬಂತು. ಹಾಗೆ ಕೆಲವು ದಿನ ನಡೆಯಿತು. ಅಜ್ಜ ಊಟ ಕಡಿಮೆ ಮಾಡಿದರು. ಊಟಕ್ಕೆ ಕರೆದರೆ, "ತಡಿ, ಇದೊಂದು ಆಗ್ಲಿ" ಎನ್ನುತ್ತಿದ್ದರು. ಕುಲುಮೆ ಬಿಟ್ಟು ಏಳುತ್ತಿರಲಿಲ್ಲ.

ಆಮೇಲೊಂದು ದಿನ ಹಿತ್ತಲಿನಿಂದ ಟಣ್ ಎಂದು ಕೇಳಿತು. ಅಜ್ಜ ಎದ್ದು ಕೈ ತೊಳೆದು ಊಟಕ್ಕೆ ಕೂತರು. ಅಂದಿನಿಂದ ಪ್ರತಿ ಕತ್ತಿಗೂ ಏಟು ಬಿತ್ತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಅಜ್ಜಿ ಮಾಡುತ್ತಿದ್ದುದು ಬೇರೆ. ಅಲಗಿನ ಮುಕ್ಕು ಕಾಣದಂತೆ ಉಜ್ಜಿ, ಬುಡಕ್ಕೆ ಗುರುತು ಹೊಡೆದು, ಕತ್ತಿಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಕಾಯಿಗಳ ಹಿಂದೆ ಇಡುತ್ತಿದ್ದರು. ಅಂಗಡಿಗೆ ಹಿಂದಿನ ಒಳ್ಳೆಯ ಕತ್ತಿಗಳನ್ನು ಒಂದೊಂದಾಗಿ ಕೊಡುತ್ತಿದ್ದರು. ಅವು ಮುಗಿದಾಗ, ಅಂಗಡಿಯವನು ಕೇಳಿದರೆ, "ಕೈ ನೋವು, ಈ ಸಲ ಮಾಡಿಲ್ಲ ಅನ್ನು" ಎಂದು ಅಪ್ಪನಿಗೆ ಹೇಳಿದ್ದರು. ಕೈ ನೋವಿನಿಂದ ಅಜ್ಜ ಮಾಡುವುದು ಕಡಿಮೆಯಾಗಿದೆ, ಆದದ್ದು ಮನೆಗೆ ಬಂದವರಿಗೇ ಹೋಗುತ್ತಿದೆ ಎಂದು ಅಪ್ಪ ನಂಬಿದ್ದರು.

ಅಟ್ಟ ಇಳಿಸುವ ಕಾಲ ಬಂತು. ಅಜ್ಜಿ ಹುಳಿಯಾರಿನಲ್ಲಿ ನೆಂಟರ ಮನೆಗೆ ಹೋಗಿದ್ದರು. ಅಪ್ಪ ನಮ್ಮ ಅಟ್ಟದ ಕಾಯಿ ಇಳಿಸುವಾಗ ಗೋಣಿಚೀಲ ಸಿಕ್ಕಿತು. ಬಿಚ್ಚಿ ನೋಡಿದರೆ ತುಂಬಾ ಕತ್ತಿಗಳು, ಎಲ್ಲದಕ್ಕೂ ಚಂದ್ರ. ಅಪ್ಪ ಅಜ್ಜನ ಮುಂದೆ ತಂದು ಇಟ್ಟರು.

"ಅಪ್ಪ, ಇಷ್ಟೊಂದ್ ಇಟ್ಕಂಡು ಅಂಗಡಿಯೋನಿಗೆ ಇಲ್ಲ ಅಂತಿದ್ದೀವಲ್ಲ."

ಅಜ್ಜ ಒಂದರ ಬುಡವನ್ನು ಹೆಬ್ಬೆರಳಿನಿಂದ ಸವರಿದರು. "ಚಂದ್ರ ಐತಲ್ಲ. ತಗಂಡೋಗು. ಗೌಡ್ರಿಗೂ ಒಂದ್ ಕೊಡು, ಅವರ ಸೊಸೆಗೆ ಬೇಕಂತಿದ್ರು."

ನಮ್ಮ ಮನೆಯಲ್ಲಿ ಚಂದ್ರ ಇರುವ ಕತ್ತಿಯನ್ನು ಯಾರೂ ಎರಡನೇ ಸಲ ಪರೀಕ್ಷೆ ಮಾಡುವುದಿಲ್ಲ. ಅಪ್ಪನೂ ಮಾಡಲಿಲ್ಲ. ಮಾರನೇ ದಿನವೇ ಕೊಟ್ಟು ಬಂದರು.

ಅಜ್ಜಿ ಊರಿಂದ ಬಂದು ಅಟ್ಟ ನೋಡಿ ಕೆಳಗಿಳಿದರು. ಒಲೆ ಹಚ್ಚಿದರು. ಹುಚ್ಚರಂಗಯ್ಯನವರು ಬಂದಿದ್ದು ಆ ವಾರದಲ್ಲೇ. ಟವೆಲ್ಲಿನಲ್ಲಿ ಏನೋ ಸುತ್ತಿ ತಂದಿದ್ದರು. ಗುರುತಿರುವ ಕತ್ತಿ ಕೆಟ್ಟರೆ ಅದನ್ನು ಮಾಡಿದವನ ಕೈಗೇ ಕೊಡಬೇಕು, ಅವನೇ ಅರದಿಂದ ಉಜ್ಜಿ ಗುರುತು ತೆಗೆಯಬೇಕು. ಇದು ಈ ಕಡೆಯ ಎಲ್ಲ ಕುಲುಮೆಗಳ ಪದ್ಧತಿ. ನಮ್ಮ ಕುಲುಮೆಗೆ ಹಾಗೆ ಕತ್ತಿ ಬಂದಿದ್ದನ್ನು ನಾನು ಕಂಡಿರಲಿಲ್ಲ.

ಆವತ್ತು ಅವರು ತಮಾಷೆ ಮಾಡಲಿಲ್ಲ. ಗೋಡೆಗೆ ಒರಗಲೂ ಇಲ್ಲ.

"ಆಚಾರ್ರೇ, ತಪ್ ತಿಳ್ಕಬ್ಯಾಡಿ. ಸೊಸೆ ಕೈಲಿ ಮುಕ್ಕಾಯ್ತು. ಅವಳೇ ಒರಟಾಗಿ ಹೊಡೆದಳೇನೋ ಅಂತ ನಾನೂ ಬಿಡಿಸಿ ನೋಡ್ದೆ."

ಟವೆಲ್ಲು ಬಿಚ್ಚಿದರು. ಕತ್ತಿ, ಮತ್ತೆ ಒಂದು ಕೊಬ್ಬರಿ ಉಂಡೆ. ಉಂಡೆಯಲ್ಲಿ ಕಬ್ಬಿಣದ ಚೂರು ಸಿಕ್ಕಿಕೊಂಡಿತ್ತು. ಅಜ್ಜ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಉಗುರಿನಿಂದ ತಡಕಿದರು. ಅಲಗಿನ ಬಾಯಿಯ ಮೇಲೆ ಬೆರಳು ಎಳೆದರು. ಹಿತ್ತಲ ಬಾಗಿಲ ಕಡೆ ತಿರುಗಿ ಕರೆದರು.

"ಕಾಳಿ."

ಅಜ್ಜಿ ಬಂದು ಬಾಗಿಲಲ್ಲಿ ನಿಂತರು.

"ಇದ್ರಲ್ಲಿ ಕಾಯಿ ಬಿಡ್ಸಿದ್ಯಾ?"

"ಬಿಡ್ಸಿದ್ದೆ."

"ಬಾಯಿ ನಿಲ್ತಾ?"

"ನಿಲ್ಲಲಿಲ್ಲ."

"ಮತ್ತೆ ಚಂದ್ರ ಕುಟ್ಟಿದ್ಯಲ್ಲ."

"ನೀವು ಕೇಳಿಸ್ಕಣಾಕೆ ಕೂತಿದ್ರಲ್ಲ."

ಹುಚ್ಚರಂಗಯ್ಯನವರು ಎದ್ದು ಚಪ್ಪಲಿ ಹಾಕಿಕೊಂಡರು. ಅಪ್ಪ ವೆಲ್ಡಿಂಗ್ ನಿಲ್ಲಿಸಿ ಬಂದು ನಿಂತಿದ್ದರು. ನಾನು ಬ್ಲೋವರ್ ಆರಿಸಿದೆ. ಮಾಡಲು ಅದೊಂದೇ ಕೆಲಸವಿತ್ತು.

"ದಯಾನಂದ, ಕೊಟ್ಟಿದ್ದನ್ನೆಲ್ಲ ವಾಪಸ್ ತಗಂಬಾ" ಎಂದರು ಅಜ್ಜ. "ಒಂದೂ ಬುಡಬ್ಯಾಡ."

"ಬೆರ್ತೋಗಿರ್ತವೆ ಕಣಪ್ಪ. ಯಾವ್ದು ಹಳೇದು ಯಾವ್ದು ಹೊಸದು ಹೆಂಗ್ ಹೇಳ್ಲಿ?"

ಅಜ್ಜ ಎದ್ದು ಗೋಡೆಯ ಮೇಲಿದ್ದ ಅರ ಇಳಿಸಿಕೊಂಡರು.

ಅಪ್ಪ ತಿಪಟೂರು ಮಂಡಿಗಳನ್ನೆಲ್ಲ ಸುತ್ತಿ ಸಿಕ್ಕಷ್ಟನ್ನು ತಂದರು. ಕೆಲವು ಸಿಗಲಿಲ್ಲ. ಅಂಗಡಿಯವನು ತನ್ನ ಹತ್ತಿರ ಉಳಿದಿದ್ದ ಚಂದ್ರದ ಕತ್ತಿಗಳನ್ನೆಲ್ಲ ಹಿಂದಕ್ಕೆ ಕೊಟ್ಟು, "ಜನ ಈಗ ಚಂದ್ರ ನೋಡಿದ್ರೆ ಬ್ಯಾಡ ಅಂತಾರೆ ದಯಾನಂದಣ್ಣ" ಎಂದನಂತೆ. ಅಪ್ಪ ಆ ಮಾತನ್ನು ಅಜ್ಜನಿಗೆ ಹೇಳಿದರು. ಮುಚ್ಚಿಡುವುದು ಸಾಕು ಎನಿಸಿರಬೇಕು. ಅಜ್ಜ ಕುಲುಮೆಯ ಬಾಗಿಲಲ್ಲಿ ಕೂತು ಅರ ಹಾಕಿ ಗುರುತುಗಳನ್ನು ತೆಗೆದರು. ನಾನು ಕತ್ತಿ ಅಲುಗಾಡದಂತೆ ಹಿಡಿದುಕೊಂಡೆ. ಗುರುತು ಹೋದ ಜಾಗ ಹೊಳೆಯುತ್ತಿತ್ತು. ಕಬ್ಬಿಣದ ಪುಡಿ ನನ್ನ ಲಂಗದ ಮೇಲೆ ಬೀಳುತ್ತಿತ್ತು, ಅದನ್ನು ಕೊಡವುತ್ತಿದ್ದೆ. ಅಜ್ಜಿ ಇಬ್ಬರಿಗೂ ಕಾಫಿ ತಂದಿಟ್ಟು ಹೋದರು. ಅವರಿಬ್ಬರೂ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಅಪ್ಪ ಆಮೇಲೆ ಹೇಳಿದರು.

ಅಪ್ಪ ಅಜ್ಜನನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಆಪರೇಷನ್ ಮಾಡಿಸಿದರು. ಹಿಂದೆಯೂ ಕರೆದಿದ್ದರು, ಅಜ್ಜ ಹೋಗಿರಲಿಲ್ಲ. ಈ ಸಲ ಸುಮ್ಮನೆ ಬೈಕ್ ಹತ್ತಿದರು. ಪಟ್ಟಿ ಬಿಚ್ಚಿದ ಮೇಲೆ ನನ್ನನ್ನು ನೋಡಿ, "ಸುಷ್ಮಿ, ನಿನ್ ಮೂಗಿನ ಮೇಲೆ ಮಚ್ಚೆ ಐತಾ?" ಎಂದರು. ಇದೆ ಎಂದೆ. ಅಷ್ಟೇ.

ಮತ್ತೆ ಕುಲುಮೆ ಹೊತ್ತಿತು. ಅಜ್ಜ ಒಂದು ಕತ್ತಿ ಮಾಡಿದರು. ಬೆಲ್ಲದ ಬಣ್ಣ ಬಂದಾಗ ತೆಗೆದರು, ನಾನೂ ನೋಡಿದೆ. ಅಜ್ಜಿ ಹಿತ್ತಲಲ್ಲಿ ಕಾಯಿ ಬಿಡಿಸಿದರು. ಉಂಡೆ ಕೈಯಲ್ಲಿ ಹಿಡಿದು ಮುಂದೆ ಬಂದು ತೋರಿಸಿದರು, ಒಂದು ಗೀರೂ ಇರಲಿಲ್ಲ. ಇನ್ನೊಂದು ಕೈಯಲ್ಲಿ ಅಚ್ಚು ಇತ್ತು.

"ಹೊಡೀಲಾ?"

"ಬ್ಯಾಡ ಬುಡು" ಎಂದರು ಅಜ್ಜ. "ಇದ್ಕೆ ಹೊಡುದ್ರೆ ಆ ಸಿಗದೇ ಇರೋ ಕತ್ತೀಗೂ ಹೊಡ್ದಂಗೆ. ಜನಕ್ಕೆ ಎರಡೂ ಒಂದೇ ಕಾಣ್ತವೆ."

ಅಂದಿನಿಂದ ಅವರು ಮಾಡಿದ ಕತ್ತಿಗಳಿಗೆಲ್ಲ ಬುಡ ಬೋಳು. ಅಜ್ಜಿ ಪ್ರತಿಯೊಂದರಲ್ಲೂ ಕಾಯಿ ಬಿಡಿಸಿ ನೋಡುತ್ತಿದ್ದರು, ಆದರೆ ಏಟು ಕೇಳುತ್ತಿರಲಿಲ್ಲ. ಸರಿಯಾಗಿದ್ದರೆ "ಆಯ್ತು" ಎನ್ನುತ್ತಿದ್ದರು. ಹುಚ್ಚರಂಗಯ್ಯನವರು ಒಂದನ್ನು ಕೊಂಡು ಬುಡ ತಿರುಗಿಸಿ ನೋಡಿ, "ಹಣೆಗೆ ಕುಂಕ್ಮ ಇಡದ ಮುಖ ನೋಡ್ದಂಗೆ ಐತೆ ಕಣ್ರೀ ಆಚಾರ್ರೇ" ಎಂದರು. ಅಜ್ಜ, "ಕೊಬ್ಬರಿ ಬಿಡ್ತದೋ ಇಲ್ವೋ ನೋಡ್ಕಳಿ ಗೌಡ್ರೇ, ಮುಖ ಕಟ್ಕಂಡು ಏನಾಗ್ಬೇಕು" ಎಂದರು. ತಿಪಟೂರಿನಲ್ಲಿ ಮಾತ್ರ ಬೋಳು ಕತ್ತಿಯನ್ನು ಯಾರೂ ಕೇಳಲಿಲ್ಲ.

ಅಜ್ಜ ಹೋದದ್ದು ಈ ವರ್ಷ ಸಂಕ್ರಾಂತಿ ಕಳೆದ ಮೇಲೆ. ಎದೆಯಲ್ಲಿ ಕಫ ಕಟ್ಟಿತ್ತು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಅಳಲಿಲ್ಲ. ಬಂದವರಿಗೆ ನೀರು ಕೊಡಬೇಕಿತ್ತು, ಲೋಟ ತೊಳೆಯಬೇಕಿತ್ತು.

ತಿಥಿ ಊಟಕ್ಕೆ ಮೊದಲು ಹುಳಿಯಾರಿನಿಂದ ಬಂದಿದ್ದ ಹಿರಿಯರು ಮೌನಾಚಾರ್ ಮಾತು ತೆಗೆದರು. ಅವರದೂ ಕುಲುಮೆ ಇದೆ.

"ಅಚ್ಚು ಯಾರ್ ಕೈಗೆ ಹೋಗ್ತದೆ ಹೇಳ್ಬುಡಿ. ಯಾರೂ ಇಲ್ದಿದ್ರೆ ಕಾಯ್ಸಿ ತಟ್ಬುಡಾನ. ಹಂಗೇ ಬುಟ್ರೆ ನಾಳೆ ಯಾವನೋ ಎತ್ಕಂಡೋಗಿ ಫ್ಯಾಕ್ಟ್ರಿ ಕತ್ತಿಗೆ ಒತ್ಕತಾನೆ."

"ನಂಗ್ ಬ್ಯಾಡ" ಎಂದರು ಅಪ್ಪ. "ನಾನು ಕತ್ತಿ ಮಾಡೋನಲ್ಲ."

"ಮೊಮ್ಮಗಳು ಕುಲುಮೆ ತಾವ ಕೂರ್ತಾಳಂತಲ್ಲ?" ಎಂದರು ಮೌನಾಚಾರ್.

ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಚ್ಚು ನನಗೆ ಬೇಕಿತ್ತು. ಬೇಕು ಎಂದು ಹೇಳಲು ಬಾಯಿ ಬರಲಿಲ್ಲ. ಅಜ್ಜಿ ಹೇಳಿದರು.

"ಅವ್ಳಿಗೆ ಇಕ್ಕಳ ಹಿಡಿಯಾಕೆ ಬತ್ತದೆ, ಸಾಣೆ ಬತ್ತದೆ. ಕತ್ತಿ ಮಾಡಾಕೆ ಬರಾಕಿಲ್ಲ. ಸರಿಯಿಲ್ದೇ ಇರೋದಕ್ಕೆ ಸರಿ ಐತೆ ಅಂತ ನಾನು ಕುಟ್ಟಿದ್ದು ಸಾಕು. ತಟ್ಬುಡಿ."

ಕುಲುಮೆ ಹೊತ್ತಿಸಿದರು. ಬ್ಲೋವರ್ ನಾನೇ ಹಾಕಿದೆ. ಅಚ್ಚು ಚಿಕ್ಕದು, ಬೇಗ ಕೆಂಪಾಯಿತು. ಅಪ್ಪ ಇಕ್ಕಳದಲ್ಲಿ ತೆಗೆದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಹಿಡಿದರು. ಮೌನಾಚಾರ್ ಸುತ್ತಿಗೆ ಎತ್ತಿಕೊಂಡಿದ್ದರು. ಅಜ್ಜಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ಹೊಡೆದರು. ಒಂದು ಏಟಿಗೆ ಆಗಲಿಲ್ಲ. ಮತ್ತೆ ಕಾಯಿಸಬೇಕಾಯಿತು. ಕೊನೆಗೆ ಅದು ಒಂದು ಸಾಧಾರಣ ಕಬ್ಬಿಣದ ತುಂಡಾಯಿತು. ಅಪ್ಪ ಅದನ್ನು ನೀರಿಗೆ ಹಾಕಿದರು. ಆಮೇಲೆ ಎಲೆ ಹಾಕಿ ಬಡಿಸಿದೆವು.

ಇಷ್ಟೇ ನಮ್ಮಜ್ಜನ ವಿಷಯ. ಅಜ್ಜಿ ಚೆನ್ನಾಗಿದ್ದಾರೆ. ಕುಲುಮೆಗೆ ಬೀಗ ಹಾಕಿಲ್ಲ, ಅಪ್ಪ ಅಲ್ಲಿ ಪೈಪುಗಳನ್ನು ಇಡುತ್ತಾರೆ. ನಾನು ಕೆಲವು ಸಲ ಹೋಗಿ ಒಂದು ಪಟ್ಟಿ ಕಾಯಿಸಿ ಬಡಿಯುತ್ತೇನೆ. ಅದು ಇನ್ನೂ ಕತ್ತಿಯ ಹಾಗೆ ಆಗಿಲ್ಲ.

ಹುಚ್ಚರಂಗಯ್ಯನವರು ನಿನ್ನೆ ಬಂದಿದ್ದರು. ಸೋಮವಾರ ಅಟ್ಟ ಇಳಿಸುತ್ತಾರಂತೆ, ಕತ್ತಿಗಳೆಲ್ಲ ಮೊಂಡಾಗಿವೆಯಂತೆ. ನಾಳೆ ಬೆಳಿಗ್ಗೆ ಸಾಣೆಕಲ್ಲು ತೆಗೆದುಕೊಂಡು ಅವರ ತೋಟದ ಮನೆಗೆ ಹೋಗಿ ಕತ್ತಿಗಳನ್ನು ಹರಿತ ಮಾಡಿಕೊಟ್ಟು ಬರುತ್ತೇನೆ.